ಗೇಮಿನ ಕೊಳಲು ನನಗೆ ಕೇಳಿಸಲಿಲ್ಲ

ಶಾಲೆಗೆ ಹೋಗುವ ಕಾಲದಿಂದಲೂ ನಾನೂ ನನ್ನ ತಮ್ಮನೂ ಒಂದೇ ಬಂದೂಕಿನ ಗೇಮ್ ಆಡುತ್ತ ಬಂದವರು. ಆಗಾಗ ಅದರ ಹೊಸ ಭಾಗ ಬರುತ್ತದೆ. ಸೈನಿಕರು, ಊರು, ಬಂದೂಕು ಎಲ್ಲ ಬದಲಾದರೂ ಶುರುವಿನ ಸಂಗೀತ ಮಾತ್ರ ಅದೇ: ಮೊದಲು ದೂರದ ನಗಾರಿ, ಆಮೇಲೆ ಪಿಟೀಲುಗಳ ದಪ್ಪ ಧ್ವನಿ, ಅದರ ಮೇಲೆ ತೆಳ್ಳಗಿನ ಕೊಳಲು. ಕೊಳಲು ಬಂದರೆ ಸಾಕು, ನನ್ನ ಮೈ ಝುಂ ಎನ್ನುತ್ತಿತ್ತು.

ನನ್ನ ತಮ್ಮ ಈ ಸಲದ ಹೊಸ ಭಾಗವನ್ನು ಯುಪಿಎಸ್ ಇದ್ದ ಕಂಪ್ಯೂಟರಿಗೆ ಹಾಕಿದ ದಿನ ಕರೆಂಟು ಹೋಗಿ ಬಂದು ಮಾಡುತ್ತಿದ್ದರಿಂದ ರಬಕವಿಯ ನಮ್ಮ ಮನೆಯ ಮಗ್ಗಗಳನ್ನು ನಿಲ್ಲಿಸಿದ್ದೆವು. ನಗಾರಿ ಬಂತು, ಪಿಟೀಲು ಬಂತು. ಕೊಳಲು ಬರಲಿಲ್ಲ.

“ಕೊಳಲ ತಗದ ಬಿಟ್ಟಾರ ನೋಡು. ಪೂರಾ ಕೆಡಿಸ್ಯಾರ,” ಅಂದೆ.

ತಮ್ಮ ನಕ್ಕ. “ಎಲ್ಲಿ ತಗದಾರಬೇ ಅಕ್ಕಾ? ಈಗ ಅದ ಬರಾಕತ್ತೈತಲ್ಲ.”

ಹಳೆಯ ಭಾಗದ ಸಂಗೀತ ಹಚ್ಚಲು ಹೇಳಿದೆ. ಅದರಲ್ಲೂ ಕೊಳಲಿರಲಿಲ್ಲ. ಅವನು ಧ್ವನಿ ಏರಿಸಿ, ಕೊಳಲು ಬಂದಾಗ ಬೆರಳೆತ್ತಿ ತೋರಿಸಿದ. ನಾನು ಆ ಬೆರಳನ್ನೇ ನೋಡುತ್ತ ಕೂತೆ. ಅವನ ನಗು ನಿಂತಿತು.

ಅಂದಿನಿಂದ ಕಿವಿಯದೇ ಧ್ಯಾನ. ಅಂಗಳದ ಗುಬ್ಬಿಯ ಕೊಕ್ಕು ಆಡುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಅವ್ವ ಕರೆದಳೇನೋ ಎಂದು ಸುಮ್ಮಸುಮ್ಮನೆ ಒಳಗೆ ಹೋಗಿ ಬರುತ್ತಿದ್ದೆ. ಕೊನೆಗೆ ತಮ್ಮನೇ ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಧ್ವನಿ ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಏನೂ ಕೇಳಲಿಲ್ಲ. ಧ್ವನಿ ಬಂದು ಹೋಯಿತೋ, ಇನ್ನೂ ಬರಬೇಕೋ? ಗಾಜಿನಾಚೆ ತಮ್ಮನ ಮುಖ ನೋಡಿದೆ.

“ಮನ್ಯಾಗ ಪವರ್‌ಲೂಮ್ ಅದಾವೇನ್ರಿ?” ಡಾಕ್ಟರು ಕೇಳಿದರು.

“ಅದಾವ್ರಿ. ಸಣ್ಣಾಕಿ ಇದ್ದಾಗಿಂದ ಅದ ಸಪ್ಪಳದಾಗ ಬೆಳದೇನ್ರಿ.”

“ತೆಳ್ಳನ ಧ್ವನಿ ಕೇಳೂದು ಹೋಗೇತ್ರಿ. ಹೋದದ್ದು ತಿರುಗಿ ಬರಂಗಿಲ್ಲ. ಉಳದದ್ದನ್ನರ ಕಾಯ್ಕೋರಿ. ಮಗ್ಗದ ಮುಂದ ಕಿವಿ ಮುಚ್ಚಿಕೊಂಡ ಕೆಲಸಾ ಮಾಡ್ರಿ.”

ಮನೆಗೆ ಬಂದು, ಕಿವಿಗೆ ತುರುಕಿಕೊಳ್ಳಲು ಡಾಕ್ಟರು ಕೊಟ್ಟಿದ್ದ ಕಿವಿಬಿರಡೆ ತೋರಿಸಿದಾಗ ಅಪ್ಪ ಎಂದಿನಂತೆ ಜೋರಾಗಿ ಕೇಳಿದ: “ಕಿವಿ ಮುಚ್ಚಿಕೊಂಡ್ರ ನೂಲ ಹರದದ್ದು ಹೆಂಗ ತಿಳೀತೈತಿ?”

ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಅದು ನಮ್ಮ ಸ್ವಭಾವವೆಂದೇ ತಿಳಿದಿದ್ದೆ.

ಮರುದಿನ ಬಿರಡೆ ಹಾಕಿಕೊಂಡು ಮಗ್ಗದ ಮುಂದೆ ನಿಂತೆ. ಮಗ್ಗಗಳು ನೀರೊಳಗೆ ಓಡುತ್ತಿರುವಂತೆ ಅನ್ನಿಸಿತು. ಒಂದನ್ನು ನೋಡುವಾಗ ಇನ್ನೊಂದರ ಭಯ. ಮಧ್ಯಾಹ್ನ ನೂಲು ಹರಿದದ್ದು ತಿಳಿಯದೆ ಗೇಣುದ್ದ ಸೀರೆ ಕೆಟ್ಟಿತು. ಅಪ್ಪ ಬಂದು ಮಗ್ಗ ನಿಲ್ಲಿಸಿದ. ಬೈಗಳಿಗೆ ಕಾಯುತ್ತ ಬಿರಡೆ ತೆಗೆದೆ.

ಅವನು ಹರಿದ ಎಳೆ ಗಂಟು ಹಾಕುತ್ತ, ನನ್ನ ಕಡೆ ನೋಡದೆ ಕೇಳಿದ: “ಆ ಡಾಕ್ಟರು ನನ್ನ ವಯಸ್ಸಿನವರ ಕಿವೀನೂ ನೋಡ್ತಾರೇನು?”