ಟೈಲರಮ್ಮ ತಲೆಯೆತ್ತಿ ಸೈಕಲ್ ಹೊಡೆದದ್ದು

ಟೈಲರಮ್ಮನದು ಮೂವತ್ತು ವರ್ಷ ಹೊಲಿಗೆ ಮಿಷಿನ್ ತುಳಿದ ಕಾಲು. ಲಾಕ್‌ಡೌನಿನಲ್ಲಿ ರಸ್ತೆ ಖಾಲಿಯಾಗಿ, ಬೀದಿಗೆ ಬೀದಿಯೇ ಮಕ್ಕಳುಮರಿ ಸಮೇತ ಸೈಕಲ್ ಹತ್ತಿದಾಗ ಆ ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಗಂಡ, ಮಗಳು ಒಂದೊಂದು ಸೈಕಲ್ ತಂದು ದಿನಾ ಬೆಳಿಗ್ಗೆ ಸವಾರಿ ಹೊರಡುವರು. ಬಾಗಿಲಲ್ಲಿ ನಿಂತು ಕೈಬೀಸುವುದಷ್ಟೇ ಈಕೆಯ ಪಾಲಿಗೆ.

ತನಗೂ ಕಲಿಸಿ ಎಂದದ್ದಕ್ಕೆ ಗಂಡ ನಕ್ಕುಬಿಟ್ಟ. ಐವತ್ತರ ಹತ್ತಿರ ಬಂದ ಮೇಲೆ ಇದೆಲ್ಲ ಯಾಕೆ, ಮೂಳೆ ಮುರಿದರೆ ಆಸ್ಪತ್ರೆಯಲ್ಲಿ ಜಾಗವೂ ಇಲ್ಲ ಎಂದ. ಮಾತೇನೋ ನಿಜ. ಆದರೆ ಆ ನಗು ಇತ್ತಲ್ಲ, ಅದು ಅವಳ ಮೈಯೆಲ್ಲ ಉರಿಸಿತು. ಅವನ ಹಳೆಯ ಪ್ಯಾಂಟೊಂದನ್ನು ಕೇಳದೆ ಕತ್ತರಿಸಿ ತನ್ನ ಅಳತೆಗೆ ಹೊಲಿದುಕೊಂಡಳು. ಅವನು ಸ್ನಾನಕ್ಕೆ ಹೋದದ್ದೇ ತಡ, ಅವನ ಸೈಕಲ್ಲನ್ನೂ ಮಗಳನ್ನೂ ಎಳೆದುಕೊಂಡು ಬೀದಿಗಿಳಿದಳು.

ಮೊದಲ ದಿನವೇ ದಬಕ್ಕನೆ ಬಿದ್ದಳು. ಮರುದಿನವೂ. ಸೀಟು ಹಿಡಿದು ಓಡಿ ಓಡಿ ಸುಸ್ತಾದ ಮಗಳು ಕೊನೆಗೆ ಕೇಳಿದಳು, "ಅಮ್ಮಾ, ನೀನು ಎಲ್ಲಿ ನೋಡ್ತಾ ಇದೀಯಾ?"

"ಚಕ್ರ ನೋಡ್ತಾ ಇದೀನಿ. ಇನ್ನೆಲ್ಲಿ ನೋಡ್ಲಿ?"

ಹೊಲಿಗೆ ಮಿಷಿನ್ ಮುಂದೆ ಕಾಲು ತುಳಿಯುತ್ತಿದ್ದರೆ ಕಣ್ಣು ಸೂಜಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಯಿತು. ಮೂವತ್ತು ವರ್ಷದ ಆ ಚಾಳಿ ಸೈಕಲ್ ಮೇಲೂ ಬಿಡಲಿಲ್ಲ. ತಲೆಯೆತ್ತಿ ಬೀದಿಯ ಕೊನೆ ನೋಡುವುದನ್ನು ಕಲಿಯಲು ಒಂಬತ್ತು ದಿನ ಹಿಡಿಯಿತು, ಮೊಣಕಾಲೆರಡೂ ತರಚಿಹೋದವು. ಹತ್ತನೆಯ ದಿನ ತಿರುವಿನಲ್ಲಿ ಇಳಿದು ಹಿಂದೆ ನೋಡಿದರೆ, ಮಗಳು ಅಷ್ಟು ದೂರದಲ್ಲಿ ಕೈಕಟ್ಟಿ ನಿಂತಿದ್ದಾಳೆ. ಟೈಲರಮ್ಮನಿಗೆ ಖುಷಿಗೆ ಅಳುವೇ ಬಂತು.

ಲಾಕ್‌ಡೌನ್ ಮುಗಿಯಿತು. ಬಸ್ಸು ಲಾರಿಗಳು ಮರಳಿದವು, ಬೀದಿಯ ಸೈಕಲ್ಲುಗಳು ಒಂದೊಂದಾಗಿ ಮೂಲೆ ಸೇರಿದವು. ಆಟವಾಡಿದ್ದು ಸಾಕು ಎಂದು ಗಂಡ ತನ್ನ ಸೈಕಲ್ಲನ್ನು ಆಫೀಸಿನ ಗೆಳೆಯನಿಗೆ ಕೊಡುವುದಾಗಿ ಮಾತು ಕೊಟ್ಟೇಬಿಟ್ಟ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ.

ಭಾನುವಾರ ಗೆಳೆಯ ಬಂದು ಟೈರು ಒತ್ತಿ ನೋಡುತ್ತಿದ್ದಾಗ, ಟೈಲರಮ್ಮ ಹೊಲಿದ ಬಟ್ಟೆಯ ಚೀಲ ತಂದು ಕ್ಯಾರಿಯರಿಗೆ ಬಿಗಿದಳು. ಗಂಡ ಕಣ್ಣಲ್ಲೇ ಗದರಿಸಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಇದನ್ನ ಕೊಡಲ್ಲ. ನಾನು ಈ ಬಟ್ಟೆ ಅಂಗಡಿಗೆ ಕೊಟ್ಟು ಬರ್ಬೇಕು," ಎಂದಳು. "ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ನೀವೇ ಒಂದು ಲೋಟ ಟೀ ಮಾಡ್ಕೊಡಿ."

ಟೀ ಪುಡಿ ಎಲ್ಲಿದೆ ಎಂದು ಅವನು ಕೇಳುವಷ್ಟರಲ್ಲಿ ಅವಳು ಬೀದಿಯ ಕೊನೆ ಮುಟ್ಟಿದ್ದಳು.