ಊಟದ ನಂತರದ ಪಾಠ

ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಎರೆಹುಳುವಿನ ಚಿತ್ರ ಬರೆಸಿದ್ದರು. ಚೂಪು ಪೆನ್ಸಿಲ್ಲಿನಲ್ಲಿ ಅದರ ಉಂಗುರಗಳನ್ನೆಲ್ಲ ತಿದ್ದಿ ನಾನು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ನಿಜವಾದ ಹುಳುವನ್ನು ಮುಟ್ಟಿದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಬ್ಯಾಡಗಿಯ ಅತ್ತೆಯ ಮನೆಯ ಹಿತ್ತಲಿನಲ್ಲಿ. ಮುಟ್ಟಿಸಿದವರು ನನ್ನ ನೆಗೆಣ್ಣಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾವು ರಾಣೇಬೆನ್ನೂರಿನಲ್ಲಿದ್ದೆವು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಾನು ಬ್ಯಾಡಗಿಗೆ ಹೋಗಿ ಕೈಜೋಡಿಸುವುದು ವಾಡಿಕೆ. ಆ ಸಲ ಅಕ್ಕ ನನಗೆ ಕಾಲು ತೊಳೆಯಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು. ಗೋಡೆಯ ನೆರಳಿನಲ್ಲಿ ನೆಲ ತೋಡಿ ಕಲ್ಲು ಕಟ್ಟಿದ ತೊಟ್ಟಿ, ಮೇಲೆ ನೆನೆಸಿದ ಗೋಣಿಚೀಲ. ಮಲಗಿದ ಕೂಸಿನ ದುಪ್ಪಟಿ ಸರಿಸಿದ ಹಾಗೆ ಅದನ್ನು ಸರಿಸಿ, "ಕೈ ಹಾಕ ತಂಗಿ, ಕಚ್ಚೂದಿಲ್ಲ," ಎಂದರು. ಒಳಗಿನ ಸಗಣಿ ಚಹಾಪುಡಿಯಂತೆ ಉದುರುದುರಾಗಿತ್ತು. ಬೆರಳಿಗೆ ತಣ್ಣಗೆ ಏನೋ ಸುತ್ತಿಕೊಂಡಿತು. ನಾನು ಚೀರಿದೆ, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಾವೇರಿಯಲ್ಲಿ ರೈತರಿಗೆ ಎರೆಗೊಬ್ಬರದ ತರಬೇತಿ ನಡೆದಿತ್ತು. ಹೊಲದ ಉತಾರ, ಅಂದರೆ ಪಹಣಿ, ಅಕ್ಕನ ಗಂಡ ನಮ್ಮ ಭಾವನವರ ಹೆಸರಿನಲ್ಲಿದ್ದುದರಿಂದ ಕರೆ ಬಂದದ್ದೂ ಅವರಿಗೇ. ಹೋಗಿಬಂದ ಅವರು ಅಲ್ಲಿ ಕೊಟ್ಟ ಬಿಳಿ ಟೊಪ್ಪಿಗೆಯನ್ನು ತಾವಿಟ್ಟುಕೊಂಡು, ಹುಳುವಿನ ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟು, "ಸಗಣಿ ಹಾಕು, ಕಸಾ ಹಾಕು, ನೀರ ಚಿಮುಕಿಸು. ಇಷ್ಟ ಪಾಠ," ಎಂದಿದ್ದರಂತೆ.

ಅಕ್ಕ ಗುತ್ತಲದಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. "ಯೂರಿಯಾ, ಸರಕಾರಿ ಗೊಬ್ಬರಾ ಹಾಕಿ ಹಾಕಿ ಭೂಮಿ ಕಲ್ಲಾಗೈತಿ ತಂಗಿ. ಈ ಗೊಬ್ಬರಾ ಚಲೋ ಆತಂದ್ರ ಬಾವಿ ಮಗ್ಗಲಿನ ಪಟ್ಟಿ ನನಗ ಬಿಡ್ತೇನಿ ಅಂದಾರ ನಿಮ್ಮ ಭಾವ," ಎಂದು ಹೇಳುವಾಗ ಅವರ ದನಿ ತಗ್ಗಿತ್ತು. ಬಾವಿಯ ಬದಿಯ ಆ ಸಣ್ಣ ತುಂಡು ಹೊಲದಲ್ಲಿ ಏನು ಬಿತ್ತಬೇಕೆಂಬುದನ್ನೂ ಅವರು ಆಗಲೇ ಯೋಚಿಸಿದ್ದರು.

ಪಡಸಾಲೆಯಲ್ಲಿ ತೊಟ್ಟು ಬಿಡಿಸುವ ಕೆಲಸ ಶುರುವಾಯಿತು. ಕೆಂಪು ರಾಶಿಯ ಸುತ್ತ ಕುಳಿತವರೆಲ್ಲ ಸೀನುವವರೇ. ನಾನು ಪ್ರತಿ ಸೀನಿಗೂ ಮೂಗಿಗೆ ಸೆರಗು ಹಿಡಿದು ಸಾರಿ ಎನ್ನುತ್ತಿದ್ದರೆ ಅತ್ತೆ, "ಕಾನ್ವೆಂಟಿನಾಕಿ ನೋಡ್ರಿ, ಮೆಣಸಿನಕಾಯಿಗೂ ಸಾರಿ ಅಂತಾಳ," ಎಂದು ನಗಿಸುತ್ತಿದ್ದರು. ಸಂಜೆ ಕಸ ಗುಡಿಸಿದರೆ ಬುಟ್ಟಿ ತುಂಬ ತೊಟ್ಟು, ಉದುರಿದ ಬೀಜ, ಖಾರದ ಧೂಳು. ಅಕ್ಕ ಅದನ್ನು ಒಂದಿಷ್ಟೂ ಚೆಲ್ಲದೆ ಒಯ್ದು ತೊಟ್ಟಿಗೆ ಸುರುವುತ್ತಿದ್ದರು. ಕಸ ಹಾಕು ಎಂದಿದ್ದರಲ್ಲ. ಬ್ಯಾಡಗಿಯ ಮನೆಗಳಲ್ಲಿ ಸುಗ್ಗಿಯ ಕಸವೆಂದರೆ ಅದೇ.

ಕೆಲವು ದಿನಗಳ ಮೇಲೆ ಬೆಳಗ್ಗೆ ನೋಡಿದರೆ ತೊಟ್ಟಿಯ ಕಲ್ಲಿಗೆ ಕಂದು ದಾರಗಳು ಅಂಟಿದಂತಿದ್ದವು. ಏರಿ ಹೊರಗೆ ಬಂದು ಒಣಗಿದ ಹುಳುಗಳು. ಅಕ್ಕ ಕೊಡಗಟ್ಟಲೆ ನೀರು ಸುರಿದರು. ಮೊಣಕೈವರೆಗೆ ಕೈ ಹಾಕಿ ತೊಟ್ಟುಗಳನ್ನೆಲ್ಲ ಬಾಚಿ ತೆಗೆದರು. ಒಳಗೆ ಒಂದೂ ಅಲುಗಾಡಲಿಲ್ಲ.

ತರಬೇತಿ ಕೊಟ್ಟ ಅಧಿಕಾರಿ ತೊಟ್ಟಿ ನೋಡಲು ಬಂದವರು ಒಂದು ತೊಟ್ಟನ್ನು ಎತ್ತಿ ಹಿಡಿದು, "ಖಾರದ ಕಸಾ ಹಾಕಬ್ಯಾಡ್ರಿ ಅಂತ ಊಟ ಆದ ಮ್ಯಾಲೆ ಅಷ್ಟೊತ್ತು ಹೇಳಿದ್ನೆಲ್ರೀ ಯಜಮಾನ್ರ," ಎಂದರು.

ಭಾವನವರು ಕತ್ತು ಕೆರೆದುಕೊಂಡರು. "ಊಟಾ ಮಾಡಿ ನಾ ಪ್ಯಾಟಿಗೆ ಮೆಣಸಿನಕಾಯಿ ರೇಟ್ ಕೇಳಾಕ ಬಂದಿದ್ನಿರಿ."

ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು: "ಹಂಗಾರ ಊಟದ ತನಕದ ಪಾಠ ಅಷ್ಟ ನಮ್ಮ ಮನಿಗೆ ಬಂತ್ರಿ ಸಾಹೇಬ್ರ. ಉಳಿದದ್ದು ಪ್ಯಾಟ್ಯಾಗ ಉಳೀತು."

ಅಧಿಕಾರಿ ಜೋರಾಗಿ ನಕ್ಕರು. ಹೊಸರಿತ್ತಿಯಲ್ಲಿ ಇನ್ನೊಂದು ತರಬೇತಿ ಇದೆ, ಅಲ್ಲೇ ಉಳಿದು ಕಲಿಯಬಹುದು, ಹೆಣ್ಣುಮಕ್ಕಳೂ ಬರಬಹುದು ಎಂದು ಹೇಳಿ ಹೋದರು. ಭಾವನವರು ನಗಲಿಲ್ಲ.

ಅಕ್ಕ ಅಂದೇ ನನ್ನನ್ನು ಕೇಳಿದರು, "ಅಲ್ಲಿ ಹಾಸಿಗಿ ನಾವ ಒಯ್ಯಬೇಕಾಗತೈತೇನ ತಂಗಿ?" ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ಮಡಿಕೆ ಬಿಚ್ಚಿ ಗಾಳಿಗೆ ಹಾಕಿದರು.

ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಮಾತು ತೆಗೆದರು. "ಹುಳಾ ಸಾಕೂದ ಕಲಿಯಾಕ ಊರ ಬಿಟ್ಟ ಹೋಗ್ತೀಯೇನ? ಇದ್ದ ಹುಳಾ ಕೊಂದಿದ್ದು ಸಾಲಲಿಲ್ಲೇನ?" ಎಂದರು ಭಾವನವರು. "ಸುಗ್ಗ್ಯಾಗ ಮನಿ ಯಾರು ನೋಡ್ತಾರವ್ವ?" ಎಂದರು ಅತ್ತೆ. ರಾಣೇಬೆನ್ನೂರಿನಿಂದ ಬಂದಿದ್ದ ನಮ್ಮ ಯಜಮಾನರೂ ಅಲ್ಲೇ ಇದ್ದರು, ಮಜ್ಜಿಗೆ ಬಡಿಸಿಕೊಂಡರು. ನಾನು ರಾಣೇಬೆನ್ನೂರಿಗೆ ಹೋಗುವುದನ್ನು ಮುಂದೂಡಿ ಮನೆ ನೋಡಿಕೊಳ್ಳುತ್ತೇನೆ ಎಂದೆ. "ನೀನಾ?" ಎಂದು ಅತ್ತೆ ನನ್ನ ಉರಿದು ಕೆಂಪಾದ ಬೆರಳುಗಳ ಕಡೆ ನೋಡಿದರು. ಅಲ್ಲಿಗೆ ಮಾತು ಮುಗಿಯಿತು.

ಹೊಸರಿತ್ತಿಗೆ ಅಕ್ಕ ಹೋಗಲಿಲ್ಲ, ಭಾವನವರೂ ಹೋಗಲಿಲ್ಲ. ನಮ್ಮ ಮನೆಗೆ ಬರಬಹುದಾಗಿದ್ದ ವಿದ್ಯೆ ಹತ್ತಿರದ ಊರವರೆಗೆ ಬಂದು ಹಿಂದಿರುಗಿತು. ಬಾವಿ ಬದಿಯ ಪಟ್ಟಿಗೆ ಮತ್ತೆ ಸರಕಾರಿ ಗೊಬ್ಬರವೇ ಬಿತ್ತು. ತೊಟ್ಟಿಯನ್ನು ಮಣ್ಣು ತುಂಬಿ ಮುಚ್ಚಿದರು, ಮೇಲೆ ಭಾವನವರ ಮೋಟರ್ ಸೈಕಲ್ ನಿಲ್ಲುತ್ತಿತ್ತು.

ಮುಂದಿನ ಸುಗ್ಗಿಗೆ ಹೋದಾಗ ನೋಡಿದೆ. ಅಕ್ಕ ಪಡಸಾಲೆ ಗುಡಿಸುವಾಗ ಖಾರದ ಕಸವನ್ನು ಬೇರೆ ಮಾಡಿ, ಕಾಯಿಪಲ್ಲೆಯ ಸಿಪ್ಪೆ, ಎಲೆಗಳನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತಿದ್ದರು. ಎರಡೂ ಗುಡ್ಡೆಗಳನ್ನು ಅವರೇ ಒಂದೇ ಬುಟ್ಟಿಗೆ ತುಂಬಿ ಓಣಿಯ ತಿಪ್ಪೆಗೆ ಸುರಿದು ಬಂದರು.