ಜಾಲರಿಯ ಕೆಳಗಿನ ಗೂಡು

ಅದು ಕಳೆದ ವರ್ಷದ ಶ್ರಾವಣ. ಅನ್ನಪೂರ್ಣೇಶ್ವರಿ ನಗರದ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ನಾನು ಗೃಹಿಣಿಯ ಹುದ್ದೆಯಲ್ಲಿದ್ದೆ. ಈಗಲೂ ಅದೇ ಹುದ್ದೆ. ಬಡ್ತಿಯಿಲ್ಲ, ವರ್ಗಾವಣೆಯೂ ಇಲ್ಲ. ಮೇಲಧಿಕಾರಿ ನಮ್ಮ ಅತ್ತೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್. ಅದರ ನೇರ ಕೆಳಗೆ ಶಕುಂತಲಾಳ ಒಂದೇ ಕೋಣೆಯ ಮನೆ. ಸೀರೆಯ ಸೆರಗಿಗೆ ರೇಷ್ಮೆ ಕುಚ್ಚು ಕಟ್ಟಿ ಬದುಕು ನಡೆಸುವ ಹೆಣ್ಣುಮಗಳು ಆಕೆ.

ಮೆಷಿನ್ ನೀರು ಹೊರಬಿಟ್ಟಾಗಲೆಲ್ಲ ನೆಲದ ಜಾಲರಿಯಿಂದ ನೊರೆ ಉಕ್ಕಿ ಬರುತ್ತಿತ್ತು. ಆ ನೀರು ಪೈಪಿನ ಸುತ್ತಲಿನ ಬಿರುಕಿನಲ್ಲಿ ಇಳಿದು ಶಕುಂತಲಾಳ ಚಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ಒಂದು ಮಗ್ ನೀರು ಸುರಿದ, ಇಳಿದುಹೋಯಿತು. "ಲೈನ್ ಕ್ಲಿಯರ್ ಇದೆ ಮೇಡಂ, ಮೆಷಿನ್ದೇ ಪ್ರಾಬ್ಲಂ" ಎಂದ. ಮೆಕ್ಯಾನಿಕ್ ಬಂದು, "ಮೆಷಿನ್ ಚೆನ್ನಾಗಿದೆ, ಲೈನ್ ನೋಡಿಸಿ" ಎಂದ. ಇಬ್ಬರ ಮಾತಿನ ನಡುವೆ ನಾನು ನೆಲ ಒರೆಸುತ್ತಲೇ ಇದ್ದೆ.

ಒಂದು ಸೋಮವಾರ ಬೆಳಿಗ್ಗೆ ಬಟ್ಟೆ ಮೆಷಿನ್‌ಗೆ ಹಾಕಿ, ತಲೆಗೆ ಸ್ನಾನ ಮಾಡಿ, ಮಡಿಯುಟ್ಟು ಬಿಲ್ವಪತ್ರೆ ಜೋಡಿಸುತ್ತಿದ್ದೆ. ಕೆಳಗಿನಿಂದ ಶಕುಂತಲಾ ಕೂಗಿದಳು.

"ಅಕ್ಕಾ, ಮತ್ತೆ ಸೋರ್ತಿದೆ! ಮದುವೆ ಸೀರೆ ಅಕ್ಕಾ, ಮಧ್ಯಾಹ್ನ ಕೊಡ್ಬೇಕು. ಸೆರಗು ಮೇಜಿಗೆ ಬಿಗಿದಿದೀನಿ, ಎಳೆಯೋಕಾಗಲ್ಲ. ಹನಿ ಬಿದ್ದು ಕಲೆ ಆದ್ರೆ ನನ್ ಕೈಗೆ ಇನ್ಯಾರ್ ಸೀರೆ ಕೊಡ್ತಾರೆ?"

ಓಡಿಹೋಗಿ ಮೆಷಿನ್ ನಿಲ್ಲಿಸಿದೆ. ಆದರೆ ಹೊಸಿಲು ಮುಟ್ಟುವಷ್ಟು ನೀರು ಆಗಲೇ ನಿಂತಿತ್ತು. ಅದು ಇಳಿಯಬೇಕಾದರೆ ಜಾಲರಿ ತೆಗೆದು ಕೈ ಹಾಕಬೇಕು. ಹಾಕಿದರೆ ಮಡಿ ಹೋಯಿತು. ಅತ್ತ ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕಿ ಬಂದಿದ್ದೆ. ಹೊಸಿಲ ಬಳಿಯೇ ನಿಂತೆ.

ಅತ್ತೆ ಕುರ್ಚಿಯಿಂದಲೇ ಗದರಿದರು: "ಏನೇ ಹಂಗೇ ನಿಂತೆ? ಶಿವ ಕಾಯ್ತಾನೆ ಕಣೇ, ಅವನಿಗೇನು ಮಧ್ಯಾಹ್ನ ಡೆಲಿವರಿ ಇದ್ಯಾ? ಕೈ ಹಾಕು!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಹಾಕಿದೆ. ಜಾಲರಿಯ ಕೆಳಗೆ ಬಟ್ಟಲಿನಂಥ ಒಂದು ಗುಂಡಿ ಇರುತ್ತದೆ. ವಾಸನೆ ಮೇಲೆ ಬಾರದಂತೆ ಅದರಲ್ಲಿ ಸದಾ ನೀರು ನಿಂತಿರುತ್ತದೆ. ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಬೆರಳಿಗೆ ಒರಟಾದದ್ದೇನೋ ಸಿಕ್ಕಿತು. ಎಳೆದರೆ ತೆಂಗಿನ ನಾರಿನ ಉಂಡೆ, ಒಳಗೆ ಹುಣಸೆ ಸಿಪ್ಪೆ.

"ಯಾವ ಹಕ್ಕಿ ಗೂಡು ಕಟ್ಟಿತ್ತೇ?" ಎಂದರು ಅತ್ತೆ.

"ನಮ್ಮನೆ ಹಕ್ಕೀನೇ ಅತ್ತೆ. ದೇವರ ದೀಪ ಉಜ್ಜೋ ಹಕ್ಕಿ."

ಮುಸುರೆ ತೊಳೆಯುವ ಸಿಂಕಿನಲ್ಲಿ ಪೂಜೆಯ ಪಾತ್ರೆ ತೊಳೆಯಬಾರದೆಂದು ನಾವು ಪ್ರತಿ ಭಾನುವಾರ ಯುಟಿಲಿಟಿಯಲ್ಲಿ ಕೂತು, ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜುತ್ತೇವೆ. ಎಳೆ ಎಳೆಯಾಗಿ ನಾರು ಜಾಲರಿಯಲ್ಲಿ ಜಾರಿತ್ತು. ಮಗ್ ನೀರು ಆ ನಾರಿನ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಮೆಷಿನ್ನಿನ ಪಂಪ್ ಒಮ್ಮೆಲೇ ನೂಕುವ ನೀರಿಗೆ ಆ ದಾರಿ ಸಾಲುತ್ತಿರಲಿಲ್ಲ.

ನಿಂತ ನೀರು ಸುಳಿ ಸುತ್ತಿ ಇಳಿಯಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು: "ಅಕ್ಕಾ, ನಿಲ್ತು! ಸೀರೆ ಮೇಲೆ ಬೇಸಿನ್ ಹಿಡ್ಕೊಂಡು ಕೈ ಬಿದ್ದೋಗ್ತಿದೆ, ಇಳಿಸ್ಲಾ?"

"ಇಳಿಸಮ್ಮ."

ಎರಡನೇ ಸ್ನಾನ ಮುಗಿಸಿ ಪೂಜೆಗೆ ಕೂತಾಗ ಮಧ್ಯಾಹ್ನವಾಗಿತ್ತು. ಸೀರೆ ಒದ್ದೆಯಾಗಲಿಲ್ಲ, ನೆಲ ಒಡೆಸಬೇಕಾಗಲಿಲ್ಲ, ಅತ್ತೆಯ ಮಾತು ಸರಿಯಾದ ಹೊತ್ತಿಗೆ ಬಂತು. ಇಷ್ಟನ್ನು ಶಿವನಿಗೆ ಹೇಳಿ ಕೈ ಮುಗಿದೆ. ಬಿರುಕಿಗೆ ಆಮೇಲೆ ಓನರ್ ಸಿಮೆಂಟ್ ಹಾಕಿಸಿದರು. ನಾನೀಗ ಜಾಲರಿಯ ಮೇಲೆ ಹಳೆಯ ಪಂಚೆಯ ತುಂಡು ಹಾಸಿಯೇ ದೀಪ ಉಜ್ಜುತ್ತೇನೆ.

ನಮ್ಮ ಮನೆ ಶುದ್ಧವಾದರೆ ಕೆಲಸ ಮುಗಿಯಿತೆಂದು ಅಷ್ಟು ವರ್ಷ ತಿಳಿದಿದ್ದೆ. ತೊಳೆದ ನೀರು ಯಾರ ತಲೆಯ ಮೇಲೆ ಇಳಿಯುತ್ತದೆಂದು ನೋಡುವುದೂ ಮಡಿಯ ಒಂದು ಭಾಗ ಎಂಬುದನ್ನು ಆ ಸೋಮವಾರ ಕಲಿತೆ. ಈಗ ಮೆಷಿನ್ ಹಾಕುವ ಮುನ್ನ ಬಾಲ್ಕನಿಯಿಂದ ಬಗ್ಗಿ ಕೇಳುತ್ತೇನೆ:

"ಶಕುಂತಲಾ, ಮೇಜಿನ ಮೇಲೆ ಸೀರೆ ಇದ್ಯೇನೇ?"

"ಅಯ್ಯೋ, ಸೋರೋದು ನಿಂತು ವರ್ಷ ಆಯ್ತಲ್ಲಕ್ಕಾ! ಇದ್ರೆ ಏನ್ ಮಾಡ್ತೀರಿ?"

"ನಾಳೆ ಒಗೀತೀನಿ."